ಚಮಚ, ಮೇಣದಬತ್ತಿ ಮತ್ತು ಡಾ. ರಿಚರ್ಡ್ ಬ್ರೈಟ್

ಪಶ್ಚಿಮ ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನದ ಹೆಸರನ್ನು ಕೊಡಗಿನ ಇತಿಹಾಸ ಬಲ್ಲವರು ಕೇಳಿರುತ್ತಾರೆ. 1834ರಲ್ಲಿ ರಾಜ್ಯ ಕಳೆದುಕೊಂಡ ಕೊಡಗಿನ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ತೆರಳಿದರು. ಈಸ್ಟ್ ಇಂಡಿಯಾ ಕಂಪನಿಯಿಂದ ತಮಗೆ ಬರಬೇಕಾದ ಹಣಕ್ಕಾಗಿ ಅಲ್ಲಿನ ನ್ಯಾಯಾಲಯದ ಮೆಟ್ಟಿಲೇರಿದರು. ಆ ವ್ಯಾಜ್ಯ ಇತ್ಯರ್ಥವಾಗುವ ಮೊದಲೇ, 1859ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅವರನ್ನು ಮಣ್ಣು ಮಾಡಿದ್ದು ಕೆನ್ಸಲ್ ಗ್ರೀನ್‌ನಲ್ಲಿ.

ಅದಕ್ಕೆ ಒಂಬತ್ತು ತಿಂಗಳು ಮೊದಲು ಅದೇ ನೆಲದಲ್ಲಿ ಇನ್ನೊಬ್ಬರ ಅಂತ್ಯಸಂಸ್ಕಾರ ನಡೆದಿತ್ತು. ಗೌರಮ್ಮನಿಗೆ ಧರ್ಮಮಾತೆಯಾಗಿ ನಿಂತಿದ್ದ ವಿಕ್ಟೋರಿಯಾ ರಾಣಿಯ ಗೌರವ ವೈದ್ಯರಲ್ಲಿ ಒಬ್ಬರಾದ ಡಾ. ರಿಚರ್ಡ್ ಬ್ರೈಟ್ ಅವರೇ ಆ ವ್ಯಕ್ತಿ. ಅರಸನ ಕಥೆ ಕೊಡಗಿನಲ್ಲಿ ಇಂದಿಗೂ ಮನೆಮಾತು. ವೈದ್ಯನ ಹೆಸರನ್ನು ವೈದ್ಯರಲ್ಲದವರು ನೆನೆಯುವುದು ಅಪರೂಪ. ಆದರೆ ಆತ ಗುರುತಿಸಿದ ಕಾಯಿಲೆ ಮಾತ್ರ ನಮ್ಮ ಮನೆಗಳೊಳಗೇ ಇದೆ, ಅದರಲ್ಲೂ ವಯಸ್ಸಾದವರಿರುವ ಮನೆಗಳಲ್ಲಿ. ನಿವೃತ್ತಿಯ ನಂತರ ಕೊಡಗಿನಲ್ಲಿ ನೆಲೆಸಿರುವ ನನಗೆ, ಹಿರಿಯರ ಆರೋಗ್ಯದ ಬಗ್ಗೆ ಯೋಚಿಸುವಾಗಲೆಲ್ಲ ಬ್ರೈಟ್ ಅವರ ಬದುಕು ನೆನಪಾಗುತ್ತದೆ. ಅದನ್ನು ಇಲ್ಲಿ ಹೇಳಲು ಕಾರಣವೂ ಇದೆ.

ಬ್ರೈಟ್ ಹುಟ್ಟಿದ್ದು 1789ರ ಸೆಪ್ಟೆಂಬರ್ 28ರಂದು, ಇಂಗ್ಲೆಂಡಿನ ಬಂದರು ನಗರ ಬ್ರಿಸ್ಟಲ್‌ನಲ್ಲಿ. ತಂದೆ ಹೆಸರಾಂತ ವರ್ತಕರು, ಬ್ಯಾಂಕಿನ ಪಾಲುದಾರರು. ಆ ಮನೆತನದ ಸಂಪತ್ತಿನ ಬೇರು ವೆಸ್ಟ್ ಇಂಡೀಸ್ ವ್ಯಾಪಾರದಲ್ಲಿತ್ತು, ಅಂದರೆ ಜಮೈಕಾದ ಸಕ್ಕರೆ ತೋಟಗಳಲ್ಲಿ ಗುಲಾಮರು ಸುರಿಸಿದ ಬೆವರಿನಲ್ಲಿ. ಅರ್ಥಶಾಸ್ತ್ರ ಓದಿದವನಾಗಿ ಈ ಸಂಗತಿಯನ್ನು ಮುಚ್ಚಿಟ್ಟು ಮುಂದೆ ಹೋಗಲಾರೆ. ರೋಗಿಗಳ ಶುಲ್ಕಕ್ಕಾಗಿ ಓಡಾಡುವ ಒತ್ತಡವಿಲ್ಲದೆ, ಬಡವರ ಆಸ್ಪತ್ರೆಯ ವಾರ್ಡಿನಲ್ಲಿ ದಿನಕ್ಕೆ ಹಲವು ಗಂಟೆ ಕಳೆಯುವ ಬಿಡುವನ್ನು ಅವರಿಗೆ ಒದಗಿಸಿದ್ದು ಈ ಹಣವೇ. ವಿಜ್ಞಾನದ ಇತಿಹಾಸದಲ್ಲಿ ಇಂತಹ ಋಣಗಳು ಅನೇಕ.

1808ರಲ್ಲಿ ಅವರು ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿದ್ದು ವೈದ್ಯನಾಗಲು ಅಲ್ಲ. ಮೊದಲ ವರ್ಷ ಓದಿದ್ದು ತತ್ವಶಾಸ್ತ್ರ, ಗಣಿತ ಮತ್ತು ಅರ್ಥಶಾಸ್ತ್ರ. ಆಡಂ ಸ್ಮಿತ್ ಅವರ ವಿಚಾರಗಳನ್ನು ಮುಂದಿನ ಪೀಳಿಗೆಗೆ ದಾಟಿಸಿದ ಡುಗಾಲ್ಡ್ ಸ್ಟುವರ್ಟ್ ಅವರ ಗುರುಗಳಲ್ಲಿ ಒಬ್ಬರು. ಮರುವರ್ಷವೇ ಬ್ರೈಟ್ ವೈದ್ಯಶಾಸ್ತ್ರದತ್ತ ಹೊರಳಿದರು. ಆದರೆ ಅರ್ಥಶಾಸ್ತ್ರದ ಆ ಒಂದು ವರ್ಷ ವ್ಯರ್ಥವಾಗಲಿಲ್ಲವೆಂದು ನನ್ನ ಭಾವನೆ. ಒಂದೊಂದಾಗಿ ಕಂಡದ್ದನ್ನು ಎಣಿಸಿ, ಪಟ್ಟಿ ಮಾಡಿ, ಆ ಪಟ್ಟಿಯಲ್ಲಿ ಕಾಣುವ ಸಂಬಂಧವನ್ನು ಹುಡುಕುವ ಸ್ವಭಾವ ಅವರ ವೈದ್ಯಕೀಯ ಬರಹಗಳಲ್ಲೆಲ್ಲ ಇದೆ.

ನೋಡುವ ಹಂಬಲ ಅವರನ್ನು ದೂರದೂರಕ್ಕೆ ಕರೆದೊಯ್ಯಿತು. 1810ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಸರ್ ಜಾರ್ಜ್ ಮೆಕೆಂಜಿಯವರ ತಂಡದೊಂದಿಗೆ ಐಸ್‌ಲ್ಯಾಂಡಿಗೆ ಹೋಗಿ ಅಲ್ಲಿನ ಸಸ್ಯಗಳನ್ನೂ ಪ್ರಾಣಿಗಳನ್ನೂ ದಾಖಲಿಸಿದರು. 1813ರಲ್ಲಿ ಎಡಿನ್‌ಬರೋದಿಂದ ವೈದ್ಯ ಪದವಿ ಪಡೆದರು. ಮರುವರ್ಷ ಯೂರೋಪಿನ ರಾಜರೆಲ್ಲ ನೆಪೋಲಿಯನ್ ನಂತರದ ಭೂಪಟ ಬರೆಯಲು ವಿಯೆನ್ನಾದಲ್ಲಿ ಸೇರಿದಾಗ ಬ್ರೈಟ್ ಕೂಡ ಅಲ್ಲಿದ್ದರು. ಅಲ್ಲಿಂದ ಹಂಗೆರಿಯ ಹಳ್ಳಿಗಳಲ್ಲಿ ಸುತ್ತಾಡಿ, ರೈತರ ಸ್ಥಿತಿಗತಿ, ಬೆಳೆ, ರೊಮಾನಿ ಜನರ ಭಾಷೆ ಎಲ್ಲವನ್ನೂ ಗುರುತು ಹಾಕಿಕೊಂಡು, ತಾವೇ ಬರೆದ ಚಿತ್ರಗಳೊಂದಿಗೆ 1818ರಲ್ಲಿ ಒಂದು ದೊಡ್ಡ ಪ್ರವಾಸಕಥನ ಪ್ರಕಟಿಸಿದರು. ಹಂಗೆರಿಯ ಗದ್ದೆಯನ್ನು ನೋಡಿದ ಆ ಕಣ್ಣೇ ಮುಂದೆ ಮನುಷ್ಯದೇಹದ ಒಳಗನ್ನು ನೋಡಿತು.

ಅವರ ಕರ್ಮಭೂಮಿಯಾದದ್ದು ಲಂಡನ್ನಿನ ಗೈಸ್ ಆಸ್ಪತ್ರೆ. ಪುಸ್ತಕ ವ್ಯಾಪಾರಿ ಥಾಮಸ್ ಗೈ, 1720ರ ಪ್ರಸಿದ್ಧ ಷೇರು ಹುಚ್ಚಿನ ಕಾಲದಲ್ಲಿ ತಮ್ಮ ಸೌತ್ ಸೀ ಕಂಪನಿಯ ಷೇರುಗಳನ್ನು ಬೆಲೆ ಕುಸಿಯುವ ಮುನ್ನವೇ ಮಾರಿ, ಆ ಲಾಭದಿಂದ ಬಡವರಿಗಾಗಿ ಕಟ್ಟಿಸಿದ ಆಸ್ಪತ್ರೆ ಇದು. ಬ್ರೈಟ್ ಇಲ್ಲಿ 1820ರಲ್ಲಿ ಸಹಾಯಕ ವೈದ್ಯರಾಗಿ, 1824ರಲ್ಲಿ ಪೂರ್ಣ ವೈದ್ಯರಾಗಿ ನೇಮಕಗೊಂಡರು. ನಡುವೆ ಮನೆಯಲ್ಲಿ ದೊಡ್ಡ ದುಃಖವೂ ಬಂತು. 1822ರಲ್ಲಿ ಮದುವೆಯಾಗಿದ್ದ ಪತ್ನಿ ಮಾರ್ಥಾ ಮರುವರ್ಷವೇ ಹೆರಿಗೆಯ ನಂತರ ತೀರಿಕೊಂಡರು. ಬ್ರೈಟ್ ಮೊದಲಿಗಿಂತಲೂ ಹೆಚ್ಚಾಗಿ ವಾರ್ಡಿನಲ್ಲೂ ಶವಪರೀಕ್ಷೆಯ ಕೋಣೆಯಲ್ಲೂ ಮುಳುಗಿದರು.

ಆ ಕಾಲದಲ್ಲಿ ಮೈ ಊದಿಕೊಂಡು ಆಸ್ಪತ್ರೆಗೆ ಬರುವವರ ಸಂಖ್ಯೆ ದೊಡ್ಡದು. ಮುಖ, ಕಾಲು, ಹೊಟ್ಟೆಯಲ್ಲಿ ನೀರು ತುಂಬಿ, ಉಸಿರು ಕಟ್ಟಿ, ಕೊನೆಗೆ ಮತಿ ತಪ್ಪಿ ಸಾಯುತ್ತಿದ್ದರು. ಊತವೇ ಒಂದು ರೋಗವೆಂದು ವೈದ್ಯರು ನಂಬಿದ್ದರು. ಇಂತಹ ಕೆಲವು ರೋಗಿಗಳ ಮೂತ್ರವನ್ನು ಕಾಯಿಸಿದರೆ ಅದು ಹೆಪ್ಪುಗಟ್ಟುತ್ತದೆ ಎಂಬುದನ್ನು ಇಟಲಿಯ ಕೊಟುನ್ಯೊ 18ನೇ ಶತಮಾನದಲ್ಲೇ ಗಮನಿಸಿದ್ದರು. ಬ್ರಿಟನ್ನಿನ ವೆಲ್ಸ್ ಮತ್ತು ಬ್ಲ್ಯಾಕಾಲ್ ಎಂಬ ವೈದ್ಯರೂ ಅದರ ಬಗ್ಗೆ ಬರೆದಿದ್ದರು. ಆದರೆ ಆ ಹೆಪ್ಪು ದೇಹದ ಯಾವ ಅಂಗದ ದೂರನ್ನು ಹೇಳುತ್ತಿದೆ ಎಂಬುದನ್ನು ಯಾರೂ ಸ್ಪಷ್ಟವಾಗಿ ಕಂಡಿರಲಿಲ್ಲ.

ಬ್ರೈಟ್ ಮಾಡಿದ್ದು ಸರಳವಾದ ಕೆಲಸ. ಊದಿಕೊಂಡ ರೋಗಿಯ ಮೂತ್ರವನ್ನು ಒಂದು ಚಮಚದಲ್ಲಿ ತೆಗೆದುಕೊಂಡು ಮೇಣದಬತ್ತಿಯ ಉರಿಯ ಮೇಲೆ ಹಿಡಿಯುತ್ತಿದ್ದರು. ಅದರಲ್ಲಿ ಅಲ್ಬುಮಿನ್ ಇದ್ದರೆ ಬೆಂದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತಿತ್ತು. ಅದನ್ನು ಬರೆದಿಟ್ಟುಕೊಳ್ಳುತ್ತಿದ್ದರು. ರೋಗಿ ತೀರಿಕೊಂಡರೆ ಶವಪರೀಕ್ಷೆಯಲ್ಲಿ ಮೂತ್ರಪಿಂಡಗಳನ್ನು ಕತ್ತರಿಸಿ ನೋಡುತ್ತಿದ್ದರು. ಊತ, ಹೆಪ್ಪುಗಟ್ಟುವ ಮೂತ್ರ, ಹಾಳಾದ ಮೂತ್ರಪಿಂಡ ಈ ಮೂರೂ ಒಟ್ಟೊಟ್ಟಿಗೆ ಕಾಣಿಸುತ್ತಿವೆ ಎಂಬುದು ಅವರಿಗೆ ಮನವರಿಕೆಯಾಯಿತು. ಜಾನ್ ಬಾಸ್ಟಾಕ್ ಎಂಬ ರಸಾಯನತಜ್ಞರು ಈ ರೋಗಿಗಳ ಮೂತ್ರದಲ್ಲಿ ಯೂರಿಯಾ ಕಡಿಮೆಯಾಗಿರುವುದನ್ನು ತೋರಿಸಿದರು. ಹೊರಹೋಗಬೇಕಾದ ಕಲ್ಮಶ ರಕ್ತದಲ್ಲೇ ಉಳಿಯುತ್ತಿದೆ ಎಂಬ ಸುಳಿವು ಅಲ್ಲಿ ಸಿಕ್ಕಿತು. ಎಡಿನ್‌ಬರೋದ ಕ್ರಿಸ್ಟಿಸನ್ ಅದನ್ನು ಮುಂದೆ ದೃಢಪಡಿಸಿದರು.

ಇವೆಲ್ಲವನ್ನೂ ಒಳಗೊಂಡ ಬ್ರೈಟ್ ಅವರ ರೋಗವರದಿಗಳ ಮೊದಲ ಸಂಪುಟ ಹೊರಬಂದದ್ದು 1827ರಲ್ಲಿ, ಎರಡನೆಯದು 1831ರಲ್ಲಿ. ಹಾಳಾದ ಮೂತ್ರಪಿಂಡಗಳ ಬಣ್ಣದ ಚಿತ್ರಗಳಿದ್ದ ದುಬಾರಿ ಗ್ರಂಥಗಳವು. ಊತ ಒಂದು ಲಕ್ಷಣ ಮಾತ್ರ, ರೋಗದ ಮನೆ ಮೂತ್ರಪಿಂಡದಲ್ಲಿದೆ ಎಂಬುದು ಅವುಗಳ ಸಾರ. ಅದಾದ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ವೈದ್ಯರು ಈ ಕಾಯಿಲೆಯನ್ನು ಬ್ರೈಟನ ರೋಗವೆಂದೇ ಕರೆದರು. 1886ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಚೆಸ್ಟರ್ ಆರ್ಥರ್ ತೀರಿಕೊಂಡದ್ದು ಇದರಿಂದಲೇ. ಇಂಗ್ಲೆಂಡಿನ ಮಹಾ ಎಂಜಿನಿಯರ್ ಬ್ರುನೆಲ್ ಕೂಡ ಇದೇ ರೋಗದಿಂದ ಬಳಲಿದ್ದರು. ಅವರು ತೀರಿಕೊಂಡದ್ದು 1859ರ ಸೆಪ್ಟೆಂಬರಿನಲ್ಲಿ, ಕೊಡಗಿನ ಅರಸ ತೀರಿಕೊಂಡ ತಿಂಗಳಿನಲ್ಲೇ. ಅವರ ಸಮಾಧಿ ಇರುವುದೂ ಕೆನ್ಸಲ್ ಗ್ರೀನ್‌ನಲ್ಲಿಯೇ.

ಒಂದು ಸಂಶೋಧನೆ ಪ್ರಕಟವಾದೊಡನೆ ಬ್ರೈಟ್ ಸುಮ್ಮನಾಗಲಿಲ್ಲ. 1836ರಲ್ಲಿ ಗೈಸ್ ಆಸ್ಪತ್ರೆ ತನ್ನದೇ ವೈದ್ಯಕೀಯ ಪತ್ರಿಕೆ ಆರಂಭಿಸಿದಾಗ, ಮೂತ್ರದಲ್ಲಿ ಅಲ್ಬುಮಿನ್ ಹೋಗುತ್ತಿದ್ದ 100 ರೋಗಿಗಳ ಶವಪರೀಕ್ಷೆಯ ವಿವರಗಳನ್ನು ಒಂದೇ ಕೋಷ್ಟಕದಲ್ಲಿ ಜೋಡಿಸಿ ಕೊಟ್ಟರು. ಅನೇಕರಲ್ಲಿ ಹೃದಯದ ಎಡಭಾಗ ದಪ್ಪವಾಗಿತ್ತು. ಕೆಟ್ಟ ರಕ್ತವನ್ನು ಸಣ್ಣ ನಾಳಗಳ ಮೂಲಕ ನೂಕಲು ಹೃದಯ ಹೆಚ್ಚು ಶ್ರಮಪಡುತ್ತಿರಬಹುದು ಎಂದು ಅವರು ಊಹಿಸಿದರು. ರೋಗಿಯ ರಕ್ತದೊತ್ತಡ ಅಳೆಯುವ ಉಪಕರಣವೇ ಇಲ್ಲದ ಕಾಲದಲ್ಲಿ ಮಾಡಿದ ಊಹೆ ಅದು. ಮೂತ್ರಪಿಂಡ ಮತ್ತು ಹೃದಯ ಒಂದರ ಕಷ್ಟವನ್ನು ಇನ್ನೊಂದು ಹೊರುತ್ತವೆ ಎಂಬುದನ್ನು ಇಂದಿನ ವೈದ್ಯವಿಜ್ಞಾನ ಪೂರ್ತಿಯಾಗಿ ಒಪ್ಪಿದೆ.

1842ರಲ್ಲಿ ಇನ್ನೂ ದೊಡ್ಡ ಪ್ರಯೋಗವೊಂದು ನಡೆಯಿತು. ಬ್ರೈಟ್ ಅವರ ಕೋರಿಕೆಯಂತೆ ಗೈಸ್ ಆಸ್ಪತ್ರೆ 42 ಹಾಸಿಗೆಗಳ ಎರಡು ವಾರ್ಡುಗಳನ್ನು ಆರು ತಿಂಗಳ ಕಾಲ ಮೂತ್ರಪಿಂಡ ರೋಗಿಗಳಿಗೆಂದೇ ಬಿಟ್ಟುಕೊಟ್ಟಿತು. 24 ಹಾಸಿಗೆ ಗಂಡಸರಿಗೆ, 18 ಹೆಂಗಸರಿಗೆ. ಪಕ್ಕದಲ್ಲೇ ವೈದ್ಯರು ಕೂಡಿ ಚರ್ಚಿಸುವ ಕೋಣೆ, ಒಂದು ಪುಟ್ಟ ಪ್ರಯೋಗಾಲಯ. ಒಂದೇ ರೋಗದವರನ್ನು ಒಂದೆಡೆ ಇರಿಸಿ, ವೈದ್ಯರೂ ರಸಾಯನತಜ್ಞರೂ ವಿದ್ಯಾರ್ಥಿಗಳೂ ಸೇರಿ ಅಧ್ಯಯನ ಮಾಡುವ ಪದ್ಧತಿ ಇಂದು ಪ್ರತಿ ದೊಡ್ಡ ಆಸ್ಪತ್ರೆಯಲ್ಲೂ ಇದೆ. ಅದರ ಮೊದಲ ಮಾದರಿಗಳಲ್ಲಿ ಇದೂ ಒಂದು.

ಇಷ್ಟೆಲ್ಲ ಕಂಡುಹಿಡಿದ ಬ್ರೈಟ್ ಗುಣಪಡಿಸಿದ್ದು ಎಷ್ಟು ಮಂದಿಯನ್ನು ಎಂದು ಕೇಳಿದರೆ ಉತ್ತರ ನಿರಾಶಾದಾಯಕ. ಅವರ ಬಳಿ ಇದ್ದದ್ದು ರಕ್ತ ತೆಗೆಯುವುದು, ಭೇದಿಯ ಔಷಧ, ವಿಶ್ರಾಂತಿ, ಬೆಚ್ಚನೆಯ ಬಟ್ಟೆ, ಪಥ್ಯ ಇಷ್ಟೇ. ಇವುಗಳಲ್ಲಿ ಮೊದಲ ಎರಡು ಕೆಲವೊಮ್ಮೆ ಕೆಡುಕನ್ನೇ ಮಾಡಿರಬಹುದು. ಆದರೆ ರೋಗ ಬೇರೂರಿದ ಮೇಲೆ ತಮ್ಮ ಚಿಕಿತ್ಸೆಗೆ ಹೆಚ್ಚಿನ ಬಲವಿಲ್ಲವೆಂದು ಅವರು ಒಪ್ಪಿಕೊಂಡಿದ್ದರು. ಬೇಗ ಗುರುತಿಸುವುದರಲ್ಲಿಯೇ ಹಿತವಿದೆ ಎಂಬುದು ಅವರ ನಿಲುವು. ತಮ್ಮ ವಿದ್ಯೆಯ ಎಲ್ಲೆ ಅರಿತು ನಡೆಯುವ ಇಂತಹ ವೃತ್ತಿನಿಷ್ಠೆ ಎಲ್ಲ ಕಾಲಕ್ಕೂ ವಿರಳವೇ.

1837ರಲ್ಲಿ ವಿಕ್ಟೋರಿಯಾ ಪಟ್ಟಕ್ಕೆ ಬಂದಾಗ ಬ್ರೈಟ್ ಅರಮನೆಯ ಗೌರವ ವೈದ್ಯರಾದರು. 1844ರ ವೇಳೆಗೆ ಗೈಸ್ ಆಸ್ಪತ್ರೆಯಿಂದ ನಿವೃತ್ತರಾಗಿ, ಖಾಸಗಿ ಸಲಹೆಗಾರರಾಗಿ ಮುಂದುವರಿದರು. 1858ರ ಡಿಸೆಂಬರ್ 16ರಂದು, 69ನೇ ವಯಸ್ಸಿನಲ್ಲಿ, ಅವರನ್ನು ಬಲಿ ತೆಗೆದುಕೊಂಡದ್ದು ಮೂತ್ರಪಿಂಡವಲ್ಲ, ಹೃದಯ. ಸಾವಿರಾರು ಬಡವರ ದೇಹಗಳಿಂದ ಕಲಿತ ವೈದ್ಯನ ದೇಹವೂ ಶವಪರೀಕ್ಷೆಗೆ ಒಳಗಾಯಿತು. ಹೃದಯದ ಮಹಾಧಮನಿಯ ಕವಾಟ ಕಿರಿದಾಗಿದ್ದುದು ಅಲ್ಲಿ ಕಂಡುಬಂತು.

ಬ್ರೈಟ್ ಅವರ ಸಂಪುಟಕ್ಕೂ ಮೂತ್ರಪಿಂಡದ ಕೆಲಸ ಮಾಡುವ ಮೊದಲ ಯಂತ್ರದ ಯಶಸ್ಸಿಗೂ ನಡುವೆ 118 ವರ್ಷಗಳು ಕಳೆದವು. ಎರಡನೇ ಮಹಾಯುದ್ಧದ ಕಾಲದಲ್ಲಿ ನೆದರ್ಲೆಂಡ್ಸ್‌ನ ಕಾಂಪೆನ್ ಎಂಬ ಸಣ್ಣ ಊರಿನಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ಯುವ ವೈದ್ಯರು ಸೆಲ್ಲೋಫೇನ್ ಕೊಳವೆಯಿಂದ ಡಯಾಲಿಸಿಸ್ ಯಂತ್ರ ಕಟ್ಟಿದರು. ಎರಡು ವರ್ಷ ಅವರ ರೋಗಿಗಳು ಒಬ್ಬರ ಹಿಂದೊಬ್ಬರು ತೀರಿಕೊಂಡರು. 1945ರ ಸೆಪ್ಟೆಂಬರಿನಲ್ಲಿ ಆ ಯಂತ್ರದಿಂದ ಮೊದಲು ಬದುಕುಳಿದದ್ದು 67 ವರ್ಷದ ಒಬ್ಬ ಮಹಿಳೆ. ಅವರು ಮತ್ತೂ ಕೆಲವು ವರ್ಷ ಬಾಳಿದರು. ಅಂದರೆ ಡಯಾಲಿಸಿಸ್ ಇತಿಹಾಸ ಆರಂಭವಾದದ್ದೇ ವೃದ್ಧೆಯೊಬ್ಬರಿಂದ. ಆದರೆ 1960ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ದೀರ್ಘಕಾಲದ ಡಯಾಲಿಸಿಸ್ ಕೇಂದ್ರ ತೆರೆದಾಗ, ಯಂತ್ರಗಳು ಕೆಲವೇ ಇದ್ದುದರಿಂದ 45 ದಾಟಿದವರನ್ನು ಹೊರಗಿಡಲಾಯಿತು. ಕೊರತೆ ಬಂದಾಗ ಮೊದಲು ಹೊರಬೀಳುವವರು ಮುದುಕರೇ ಎಂಬುದು ಅರ್ಥಶಾಸ್ತ್ರದ ಕ್ರೂರ ಪಾಠ.

ವಯಸ್ಸೊಂದೇ ಅಳತೆಗೋಲಾಗಬಾರದು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 1975ರ ತುರ್ತುಪರಿಸ್ಥಿತಿಯ ಸೆರೆವಾಸದಲ್ಲಿ ಜಯಪ್ರಕಾಶ್ ನಾರಾಯಣ್ ಅವರ ಮೂತ್ರಪಿಂಡಗಳು ಕೈಕೊಟ್ಟಾಗ ಅವರಿಗೆ 73ರ ವಯಸ್ಸು. ಡಯಾಲಿಸಿಸ್ ಬಲದ ಮೇಲೆಯೇ ಅವರು 1977ರ ಚುನಾವಣೆಗೆ ವಿರೋಧ ಪಕ್ಷಗಳನ್ನು ಒಗ್ಗೂಡಿಸಿದರು. ಅವರು ನಿಧನರಾದದ್ದು 1979ರ ಅಕ್ಟೋಬರ್ 8ರಂದು. ಆ ನಾಲ್ಕು ವರ್ಷಗಳು ದೇಶದ ಚರಿತ್ರೆಯನ್ನೇ ಬದಲಿಸಿದವು.

ಈಗ ಚಿತ್ರ ತಿರುಗಿದೆ. 2016ರ ಕೇಂದ್ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾದ ಮೇಲೆ ಜಿಲ್ಲಾ ಆಸ್ಪತ್ರೆಗಳಿಗೂ ಯಂತ್ರಗಳು ಬಂದಿವೆ. ಮಡಿಕೇರಿಯಲ್ಲೂ ಸೌಲಭ್ಯವಿದೆ. ಇದು ಸ್ವಾಗತಾರ್ಹ. ಆದರೆ ಯಂತ್ರ ಸಿಗುತ್ತದೆ ಎಂದಮಾತ್ರಕ್ಕೆ ಅದು ಎಲ್ಲ ಹಿರಿಯರಿಗೂ ಹಿತವೇ? ಅಮೆರಿಕದ ಸಂಶೋಧಕಿ ಮಂಜುಳಾ ಕುರೆಲ್ಲಾ ತಮುರಾ ಮತ್ತು ಸಹೋದ್ಯೋಗಿಗಳು, ಆರೈಕೆ ಗೃಹಗಳಲ್ಲಿದ್ದು ಡಯಾಲಿಸಿಸ್ ಆರಂಭಿಸಿದ 3,702 ಮಂದಿಯನ್ನು ಅಧ್ಯಯನ ಮಾಡಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದೊಳಗೆ ಶೇ 58ರಷ್ಟು ಮಂದಿ ತೀರಿಕೊಂಡಿದ್ದರು. ಎದ್ದು ಓಡಾಡುವ, ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಮೊದಲಿನ ಶಕ್ತಿಯನ್ನು ಉಳಿಸಿಕೊಂಡವರು ಶೇ 13 ಮಾತ್ರ. ಅವರೆಲ್ಲ ಮೊದಲೇ ಪರಾವಲಂಬಿಗಳಾಗಿದ್ದವರು ಎಂಬುದು ನಿಜ. ಗಟ್ಟಿಮುಟ್ಟಾದ ಎಪ್ಪತ್ತರವರಿಗೆ ಈ ಅಂಕಿಅಂಶ ಅನ್ವಯಿಸದು. ಆದರೆ 75 ದಾಟಿ, ಹೃದ್ರೋಗವೂ ಜೊತೆಗಿದ್ದವರಿಗೆ ಡಯಾಲಿಸಿಸ್‌ನಿಂದ ಸಿಗುವ ಆಯುಷ್ಯದ ಲಾಭ ಬಹಳ ಕಡಿಮೆಯೆಂದು ಲಂಡನ್ನಿನ ವೈದ್ಯರ 2007ರ ಅಧ್ಯಯನವೂ ಹೇಳಿತ್ತು. ಅಂತಹವರಿಗೆ ಔಷಧ, ಪಥ್ಯ, ನೋವು ಮತ್ತು ಉಸಿರಾಟದ ತೊಂದರೆಯ ಶಮನ, ಮನೆಯವರ ಸಾಮೀಪ್ಯ ಇವೂ ಚಿಕಿತ್ಸೆಯೇ. ಅದನ್ನು ಕೈಬಿಟ್ಟಂತೆ ಎಂದು ತಿಳಿಯಬೇಕಾಗಿಲ್ಲ.

ನನ್ನ ಸೋದರಮಾವ ವಿರಾಜಪೇಟೆ ಕಡೆಯ ಹಳ್ಳಿಯಲ್ಲಿ ಕಾಫಿ ತೋಟ ನೋಡಿಕೊಂಡಿದ್ದವರು. ಮಳೆಗಾಲದ ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತರಿಸಿ ವರ್ಷಗಟ್ಟಲೆ ನುಂಗಿದರು. ರಕ್ತದೊತ್ತಡವೂ ಇತ್ತು. ಅವರ ಮೂತ್ರವನ್ನು ಯಾರೂ ಪರೀಕ್ಷಿಸಿರಲಿಲ್ಲ. 81ನೇ ವಯಸ್ಸಿನಲ್ಲಿ ಕಾಲು ಊದಿ, ಉಸಿರು ಕಟ್ಟಿದಾಗ ಮೂತ್ರಪಿಂಡಗಳು ಬಹುಪಾಲು ಹೋಗಿದ್ದವು. ಹೃದ್ರೋಗವೂ ಇದ್ದುದರಿಂದ ಮೈಸೂರಿನಲ್ಲಿಯೇ ಡಯಾಲಿಸಿಸ್ ಎಂದು ತೀರ್ಮಾನವಾಯಿತು. ವಾರಕ್ಕೆ ಮೂರು ಸಲ, ಒಂದು ದಾರಿಗೆ ನೂರು ಕಿಲೋಮೀಟರಿಗೂ ಹೆಚ್ಚು. ಆ ವರ್ಷದ ಪುತ್ತರಿಯಂದು ಕದಿರು ತೆಗೆಯಲು ಗದ್ದೆಗೆ ಇಳಿದ ಹಿರಿಯರ ನಡುವೆ ಅವರಿರಲಿಲ್ಲ. ಐದು ತಿಂಗಳಲ್ಲಿ ತೀರಿಕೊಂಡರು. ಉಳಿದಿದ್ದ ಸುಮಾರು 150 ದಿನಗಳಲ್ಲಿ 64ನ್ನು ಅವರು ರಸ್ತೆಯಲ್ಲೂ ಯಂತ್ರದ ಪಕ್ಕದಲ್ಲೂ ಕಳೆದರು ಎಂಬ ಲೆಕ್ಕ ನನ್ನದು. ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ಅವರಿಗೆ ವಿವರಿಸಿದವರಿದ್ದರು. ಉಳಿದ ದಿನಗಳನ್ನು ಹೇಗೆ ಕಳೆಯಲು ಇಷ್ಟಪಡುತ್ತೀರಿ ಎಂದು ಕೇಳಿದವರಿರಲಿಲ್ಲ.

ಕೊಡಗಿನ ಹಿರಿಯರ ಸ್ಥಿತಿ ಇದಕ್ಕಿಂತ ಬಹಳ ಭಿನ್ನವಲ್ಲ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ತೋಟದ ಮನೆಯಲ್ಲಿ ಇಬ್ಬರೇ, ಕೆಲವೊಮ್ಮೆ ಒಬ್ಬರೇ. ಮಳೆಗಾಲದ ಊಟದಲ್ಲಿ ಒಣಮೀನು, ಉಪ್ಪಿನಕಾಯಿಗಳ ಉಪ್ಪು ಹೆಚ್ಚು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಮುಚ್ಚಿದ್ದನ್ನು ನೆನೆದರೆ, ವಾರಕ್ಕೆ ಮೂರು ಸಲ ಆಸ್ಪತ್ರೆ ತಲುಪಲೇಬೇಕಾದವರ ಪಾಡು ಅರ್ಥವಾಗುತ್ತದೆ.

ಇಲ್ಲಿಯೇ ಬ್ರೈಟ್ ಅವರ ಚಮಚ ಪ್ರಸ್ತುತವಾಗುತ್ತದೆ. ಅದರ ಬದಲಿಗೆ ಇಂದು ಮೂತ್ರದಲ್ಲಿ ಅದ್ದಿದರೆ ಬಣ್ಣ ಬದಲಿಸುವ ಒಂದು ಕಾಗದದ ಪಟ್ಟಿ ಇದೆ. ಬೆಲೆ ಕೆಲವೇ ರೂಪಾಯಿ. ಜೊತೆಗೆ ರಕ್ತದ ಕ್ರಿಯಾಟಿನಿನ್ ಪರೀಕ್ಷೆ. ಮೈಯಲ್ಲಿ ಮಾಂಸಖಂಡ ಕರಗಿದ ವೃದ್ಧರಲ್ಲಿ ಕ್ರಿಯಾಟಿನಿನ್ ಅಂಕಿ ಸರಿಯಾಗಿರುವಂತೆ ಕಂಡು ಮೋಸಮಾಡುವುದುಂಟು. ಆದ್ದರಿಂದ ವಯಸ್ಸನ್ನು ಸೇರಿಸಿ ಲೆಕ್ಕ ಹಾಕುವುದು ಅಗತ್ಯ. ರಕ್ತದೊತ್ತಡ ಮತ್ತು ಸಕ್ಕರೆಯ ನಿಯಂತ್ರಣ, ನೋವಿನ ಮಾತ್ರೆಗಳ ಮೇಲೆ ಹಿಡಿತ, ಉಪ್ಪಿನ ಮಿತಿ ಇವು ರೋಗವನ್ನು ನಿಧಾನಗೊಳಿಸುತ್ತವೆ. ಮಧುಮೇಹಕ್ಕೆಂದು ಬಂದ ಡಾಪಾಗ್ಲಿಫ್ಲೋಜಿನ್ ಎಂಬ ಔಷಧ ಮೂತ್ರಪಿಂಡವನ್ನೂ ಕಾಪಾಡುತ್ತದೆ ಎಂಬುದು 2020ರಲ್ಲಿ ದೃಢಪಟ್ಟಿತು. ಅದೇ ವರ್ಷ ಭಾರತದಲ್ಲಿ ಅದರ ಪೇಟೆಂಟ್ ಮುಗಿದು ಬೆಲೆ ಇಳಿಯಿತು. ಬ್ರೈಟ್ ಅವರ ಕೈಯಲ್ಲಿ ಇರದಿದ್ದ ಶಕ್ತಿ ನಮ್ಮ ಕೈಯಲ್ಲಿದೆ. ಆದರೆ ಅವರು ಮಾಡುತ್ತಿದ್ದ ಮೊದಲ ಪರೀಕ್ಷೆಯನ್ನೇ ನಾವು ಸಕಾಲದಲ್ಲಿ ಮಾಡುತ್ತಿಲ್ಲ.

ಆಡಳಿತದ ಅನುಭವದಿಂದ ಹೇಳುವುದಾದರೆ, ಉದ್ಘಾಟನೆ ಮಾಡಬಹುದಾದ ಯಂತ್ರಕ್ಕೆ ಹಣ ಹೊಂದಿಸುವುದು ಸುಲಭ. ಕಾಣದೆ ನಡೆಯುವ ತಪಾಸಣೆಗೆ ಕಷ್ಟ. 30 ದಾಟಿದವರ ರಕ್ತದೊತ್ತಡ, ಸಕ್ಕರೆ ನೋಡುವ ಸರ್ಕಾರಿ ವ್ಯವಸ್ಥೆ ಈಗಾಗಲೇ ಇದೆ. ಅದೇ ಭೇಟಿಯಲ್ಲಿ 60 ದಾಟಿದ ಪ್ರತಿಯೊಬ್ಬರ ಮೂತ್ರ ಪರೀಕ್ಷೆಯೂ ವರ್ಷಕ್ಕೊಮ್ಮೆ ತಪ್ಪದೆ ನಡೆಯಲಿ. ತೋಟದ ಲೈನ್‌ಮನೆಗಳ ಕಾರ್ಮಿಕರನ್ನು ಅದು ಬಿಟ್ಟುಬಿಡದಿರಲಿ. ರೋಗ ಮುಂದುವರಿದ ಹಿರಿಯರಿಗೆ ಡಯಾಲಿಸಿಸ್ ಸೂಚಿಸುವ ಮುನ್ನ ವೈದ್ಯರು ಅರ್ಧ ಗಂಟೆ ಕುಳಿತು ಎರಡೂ ದಾರಿಗಳ ಕಷ್ಟಸುಖ ವಿವರಿಸಿ, ಅವರ ಇಚ್ಛೆಯನ್ನು ಕೇಳಿ ಬರೆದಿಟ್ಟುಕೊಳ್ಳಲಿ. ಯಂತ್ರ ಬೇಡವೆಂದವರ ಮನೆಗೆ ಔಷಧವೂ ದಾದಿಯೂ ತಲುಪುವಂತಾಗಲಿ.

ಬ್ರೈಟ್ ಅವರ ಮೊದಲ ಸಂಪುಟಕ್ಕೆ 2027ರಲ್ಲಿ 200 ವರ್ಷ ತುಂಬುತ್ತದೆ. ವೈದ್ಯಕೀಯ ಸಂಸ್ಥೆಗಳು ಅದನ್ನು ಆಚರಿಸಬಹುದು. ಅದರೊಳಗೆ ಕೊಡಗಿನ ಒಂದು ತಾಲ್ಲೂಕಿನಲ್ಲಾದರೂ ಎಲ್ಲ ಹಿರಿಯರ ಮೂತ್ರ ಪರೀಕ್ಷೆ ಪೂರ್ಣಗೊಂಡರೆ, ಆ ಆಚರಣೆಗೆ ಅರ್ಥ ಬರುತ್ತದೆ.